ಉಗುಳದ ಹೊತ್ತು

ಬೆಳಿಗ್ಗೆ ಹತ್ತಕ್ಕೆ ಕ್ಯೂರಿಂಗ್ ವರ್ಕ್ಸಿನ ಮೇಲ್ಮಹಡಿಯಲ್ಲಿ
ನನ್ನ ನಾಲಿಗೆಗೆ ಹಾಜರಿ.
ಸಾಲಾಗಿ ಇಪ್ಪತ್ತನಾಲ್ಕು ಬಟ್ಟಲು,
ಬಟ್ಟಲಿಗೊಂದು ನಂಬರು, ಹೆಸರಿಲ್ಲ.
ಚಮಚ ಎತ್ತು, ಸೊರ್ರೆಂದು ಹೀರು,
ಅಂಗುಳಿಗೆ ಎರಚಿಕೊಂಡು ಎಣಿಸು ಮೂರು,
ಉಗುಳು.
ಹುಳಿ ಏಳು. ಮೈ ಆರೂವರೆ. ಕಡೆರುಚಿ ಒದ್ದೆ ಗೋಣಿ.
ಬರೆ. ಮುಂದಿನದು.
ಹತ್ತೊಂಬತ್ತು ವರ್ಷ ನಾನು ಉಗುಳಿದ ಕಾಫಿಗೆ
ಬಸವನಹಳ್ಳಿ ಕೆರೆ ಎರಡು ಸಲ ಕೋಡಿ ಬೀಳುತ್ತಿತ್ತು.

ಹಾಗಾಗಿ ಶನಿವಾರ, ಎವ್ಲಿನ್,
ನುಂಗುವುದೇ ನನಗೊಂದು ಹಬ್ಬ.

ಅಂಗಡಿ ಹುಡುಗ ಬಾಟ್ಲಿಗೆ ಪೇಪರು ಸುತ್ತುತ್ತ
"ಸಾರ್‌ಗಾ ಮೇಡಂ?" ಅಂದ.
"ಸಾರಿಗಲ್ಲಪ್ಪ, ಸಾರಿಗೆ ಹುಣಸೆಹಣ್ಣಿದೆ, ಇದು ನಮಗೆ."
ಚಿಲ್ಲರೆ ಎಣಿಸುವಾಗ ಅವನ ಕಿವಿ ಕೆಂಪಾಗಿತ್ತು.

ಬಾಡಿಗೆ ಮನೆಯ ತಾರಸಿ. ಎರಡು ಪ್ಲಾಸ್ಟಿಕ್ ಕುರ್ಚಿ,
ಇಟ್ಟಿಗೆ ಮೇಲಿಟ್ಟ ಹಳೇ ಕೇರಂ ಬೋರ್ಡೇ ಮೇಜು.
ಬಕೆಟ್ಟಿನ ಐಸಿನಲ್ಲಿ ಕುತ್ತಿಗೆವರೆಗೂ ಮುಳುಗಿ
ಎಣ್ಣೆಸ್ನಾನಕ್ಕೆ ಕೂತ ಯಜಮಾನರಂತೆ ಬಿಳಿ ವೈನು.
ಬಿಳಿ ಅನ್ನುತ್ತಾರೆ, ಬಿಳಿಯೇನಲ್ಲ.
ಬಲಿತ ನೆಲ್ಲಿಕಾಯನ್ನು ಬಿಸಿಲಿಗೆ ಹಿಡಿದರೆ
ಒಳಗೆ ಗೆರೆಗೆರೆಯಾಗಿ ಕಾಣುತ್ತದಲ್ಲ, ಅದು.

ಮೊದಲ ಗುಟುಕು. ಸೀಬೆ ಸಿಪ್ಪೆ. ಆಮೇಲೆ ಈಗಷ್ಟೇ ಕೊಯ್ದ ಹುಲ್ಲು.
ಮೂರು ಎಣಿಸಿದೆ, ಚಟ,
ಕೆನ್ನೆ ಉಬ್ಬಿಸಿಕೊಂಡು ಬಕೆಟ್ಟಿನ ಕಡೆ ಬಾಗಿಯೂಬಿಟ್ಟೆ.
"ನುಂಗೇ ಮಾರಾಯ್ತಿ, ದುಡ್ಡು ಕೊಟ್ಟಿದೀವಿ!"
ನುಂಗಿದೆ.
ಗಂಟಲಿಗೂ ಒಂದು ರುಚಿಯಿದೆಯೆಂದು
ನಾಲಿಗೆಯ ಸಂಬಳ ಉಣ್ಣುವವಳಿಗೆ ಯಾರೂ ಹೇಳಿರಲಿಲ್ಲ.

ಎವ್ಲಿನ್ ಕೆಮಿಸ್ಟ್ರಿ ಟೀಚರು.
ಜಿನ್ ಅಳೆಯಲು ತಂದಿದ್ದಾಳೆ ಶಾಲೆಯ ಸಿಲಿಂಡರು,
ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ.
ಮಾರ್ಟಿನಿಗೆ ಆಲಿವ್ ಎಲ್ಲಿಂದ ತರುವುದು ಚಿಕ್ಕಮಗಳೂರಲ್ಲಿ?
ಉಪ್ಪುನೀರಿನ ಮಾವಿನಮಿಡಿ ತೊಳೆದು ತೇಲಿಬಿಟ್ಟಳು.
ತೊಟ್ಟು ಸಮೇತ.
ಲೋಕದಲ್ಲಿ ಇದಕ್ಕೆ ಬೇರೆ ಹೆಸರಿರಬಹುದು.
ನಾವಿಬ್ಬರೂ ಮಿಡಿ ಕಡಿದು ಕಣ್ಣು ಕಿರಿದು ಮಾಡಿ
ಹೆಸರಿಡದೆ ಕುಡಿದೆವು.

ಗಿಮ್ಲೆಟ್ಟಿಗೆ ನಿಂಬೆ ಮುಗಿದಿತ್ತು.
ಓನರು ಮರುಳಮ್ಮನವರು (ಕೆಳಮನೆ, ಎಪ್ಪತ್ತೆರಡು,
ಮೊಟ್ಟೆ ಸಿಪ್ಪೆಯನ್ನೂ ಗೇಟಿನೊಳಗೆ ಬಿಡದವರು)
ಬೆಳಿಗ್ಗೆ ಹಿತ್ತಿಲಿಂದ ಕಿತ್ತುಕೊಟ್ಟಿದ್ದರು ಹೇರಳೆಕಾಯಿ ಎರಡು.
"ಚಿತ್ರಾನ್ನ ಮಾಡ್ಕೊಳವ್ವ, ಹುಳಿ ಚೆನ್ನಾಗೈತೆ."
ಅದನ್ನೇ ಹಿಂಡಿದೆವು.
ಹಸಿರು ಸಿಪ್ಪೆಯ ಎಣ್ಣೆ ಚಿಮ್ಮಿ ನನ್ನ ಕನ್ನಡಕದ ಮೇಲೆ.

ಆಗಲೇ ಮೆಟ್ಟಿಲ ಮೇಲೆ ಚಪ್ಪಲಿ.
ಸಂಡಿಗೆ ಹಾಳೆ ಎತ್ತಿಕೊಳ್ಳಲು ಬಂದವರು
ನಿಂತರು. ಮೂಗು ಅರಳಿತು.
"ಏನದು?"
"ಷರಬತ್ತು," ಅಂದಳು ಎವ್ಲಿನ್,
ಮಕ್ಕಳ ಸುಳ್ಳು ಹಿಡಿದೇ ಇಪ್ಪತ್ತು ವರ್ಷ ಕಳೆದವಳು.
ಮರುಳಮ್ಮ ಗ್ಲಾಸೆತ್ತಿದರು. ತುಟಿಗಲ್ಲ.
ಕಣ್ಣು ಮುಚ್ಚಿ ಮೂಗಿಗೆ.

"ಹೇರಳೆ ಮುಂದೈತೆ.
ಅದರ ಹಿಂದೆ ಕೊತ್ತಂಬರಿ ಬೀಜ, ಇನ್ನೂ ಹುರಿದಿಲ್ಲ.
ಅದಕ್ಕೂ ಹಿಂದೆ...
ನಮ್ಮಪ್ಪಂದು ಒಂದು ಮರದ ಪೆಟ್ಟಿಗೆ ಇತ್ತು ಕಣವ್ವ ತವರಲ್ಲಿ.
ದೇವದಾರು. ಬೀಗ ತೆಗೆದ ಕೂಡ್ಲೆ ಬರೋದು,
ಮುಚ್ಚೋ ಹೊತ್ತಿಗೆ ಇರ್ತಿರಲಿಲ್ಲ."

ಹತ್ತೊಂಬತ್ತು ವರ್ಷದ ಸರ್ಟಿಫಿಕೇಟಿನವಳು ನಾನು
ಮನಸ್ಸಿನಲ್ಲಿ ಬರೆದುಕೊಂಡಿದ್ದು: ಹುಳಿ ಎಂಟು, ಮೈ ಹಗುರ.

ಹನಿ ತುಳುಕದ ಹಾಗೆ ಗ್ಲಾಸು ಕೆಳಗಿಟ್ಟರು.
ಹಾಳೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟು
ಮೆಟ್ಟಿಲ ತುದಿಯಲ್ಲಿ ತಿರುಗಿದರು:
"ಚಿತ್ರಾನ್ನಕ್ಕೆ ಒಂದಾದ್ರೂ ಉಳೀತಾ?"

ಎವ್ಲಿನ್ ನಕ್ಕಿದ್ದು ಮೂಗಿನಲ್ಲಿ ಬಂತು, ಜಿನ್ನಿನ ಸಮೇತ.
ಬೆಟ್ಟದ ಸಾಲು ಕಪ್ಪಾಗುವವರೆಗೂ ಕೆಮ್ಮಿದಳು.
ನಾನು ಖಾಲಿ ಗ್ಲಾಸು ಮೂಸುತ್ತ ಕೂತಿದ್ದೆ.
ಹೇರಳೆ ಸಿಕ್ಕಿತು. ಕೊತ್ತಂಬರಿ, ಇರಬಹುದು.
ಪೆಟ್ಟಿಗೆ ಸಿಗಲಿಲ್ಲ.

ಸೋಮವಾರ, ಹದಿನೇಳನೇ ಬಟ್ಟಲು.
ಹೀರಿದೆ. ಎಣಿಸುವುದು ಮರೆತು ನುಂಗಿದೆ.
ಷರಾ ಕಾಲಮ್ಮಿನಲ್ಲಿ ಬರೆದೆ: "ಬೀಗ ತೆಗೆದ ಪೆಟ್ಟಿಗೆ."
ಸಂಜೆ ಹಾಳೆ ವಾಪಸು ಬಂತು.
ಮ್ಯಾನೇಜರು ಕೆಂಪು ಇಂಕಿನಲ್ಲಿ ಕೇಳಿದ್ದಾರೆ:
ಯಾವ ಪೆಟ್ಟಿಗೆ?