ಮುಚ್ಚಿದರೆ ಮೂಕ

ಹಗಲೆಲ್ಲ ನಾನು ಪರರ ಬಾಯಿಗೆ ಹಲ್ಲು ಕಟ್ಟುವವಳು.
ರೌಮಾ ಬಂದರಿನ ಬೀದಿ, ದಂತವೈದ್ಯರ ಹಿಂಬದಿಯ ಕೋಣೆ.
ಮುಖವಿಲ್ಲದ ಬಾಯಿಗಳು ಅಚ್ಚಾಗಿ ಬರುತ್ತವೆ.
ಮೇಣ ಕರಗಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತೇನೆ.
ಗುರುವಾರ ರಾತ್ರಿ ಮಾತ್ರ
ನೆಲಮಾಳಿಗೆಯಲ್ಲಿ, ಎಲ್ಲರ ಸೈಕಲ್ಲುಗಳ ನಡುವೆ,
ದನಿಗೆ ಹಲ್ಲು ಕಟ್ಟುತ್ತೇನೆ.

ಕೆಯ್ಯೊ ಕೇಳಿದ್ದೂ ಅದನ್ನೇ:
"ಈ ಗಿಟಾರಿನ ಹಾಲುಹಲ್ಲು ಸಾಕಾಯಿತು ಔಲಿ,
ಕಚ್ಚುವಂಥದ್ದೊಂದು ಮಾಡೋಣ."
ಕಾಗದದ ಗಿರಣಿಯಲ್ಲಿ ರಿಪೇರಿಯವನು.
ಅವನ ಕಣ್ಣಿಗೆ ಕೆಂಪು ಹಸಿರು ಒಂದೇ.
ರೆಸಿಸ್ಟರಿನ ಪಟ್ಟೆ ಓದಲು ಮಗಳು ಬರುತ್ತಾಳೆ,
ಹನ್ನೊಂದರ ಹಿಲ್ಲಾ, ಹಳೇ ಟಯರಿನ ಮೇಲೆ ಕೂತು
ಮಗ್ಗಿ ಒಪ್ಪಿಸುವ ಹಾಗೆ ಒದರುತ್ತಾಳೆ:
ಕಿತ್ತಳೆ ಕಿತ್ತಳೆ ಕಿತ್ತಳೆ,
ಬೂದು ಕೆಂಪು ಕೆಂಪು.
ಅಪ್ಪ ತಲೆದೂಗುತ್ತಾನೆ, ಕಂಡವನಂತೆ.

ಸತ್ತ ರೇಡಿಯೋದ ಹೊಟ್ಟೆಯಿಂದ ಕಿತ್ತ
ಎರಡು ಜರ್ಮೇನಿಯಂ ಟ್ರಾನ್ಸಿಸ್ಟರು,
ಟೋಪಿ ಇಟ್ಟ ಮುಂಗೋಪಿ ಮುದುಕರು.
ಚಳಿಗೊಂದು ದನಿ, ಸೆಕೆಗೊಂದು.
ಸೌನಾದಿಂದ ನೇರ ಇಳಿದು ಬಂದ ಕೆಯ್ಯೊ
ಬೆಚ್ಚನೆ ಬೆರಳಲ್ಲಿ ಹಿಡಿದನೋ, ತೊದಲುತ್ತವೆ.
ಕಿಟಕಿಯ ಹಿಮದ ಪಕ್ಕ ಐದು ನಿಮಿಷ ಇಡಬೇಕು,
ಮುನಿಸು ಇಳಿಯುವ ತನಕ.

ಮೊದಲ ರಾತ್ರಿ, ಡಬ್ಬಿ ತೆರೆದೇ ಇತ್ತು.
ತಂತಿ ಮೀಟಿದ.
ಹಸಿ ಮರಕ್ಕೆ ಗರಗಸ ಬಿದ್ದಂತೆ ಗರ್ರೆಂದಿತು,
ಸಾಲು ಸೈಕಲ್ಲುಗಳ ಗಂಟೆಗಳು ತಾವಾಗಿ ನಡುಗಿದವು.
ಹಿಲ್ಲಾ ಕಿವಿ ಮುಚ್ಚಿ ನಕ್ಕಳು.
ನಾಲ್ಕು ಸ್ಕ್ರೂ ಬಿಗಿದೆವು.
ಸದ್ದಿಲ್ಲ.
ತೆಗೆದೆವು, ಹಾಡು. ಮುಚ್ಚಿದೆವು, ಮೂಕ.
"ಬಾಯಿ ಅಂದಮೇಲೆ ಹಾಗೇ ಅಲ್ಲವೇ," ಅಂದ ಕೆಯ್ಯೊ.
ನನಗೆ ನಗು ಬರಲಿಲ್ಲ.

ಮೂರು ಗುರುವಾರ.
ಒಂಬತ್ತು ವೋಲ್ಟಿನ ಬ್ಯಾಟರಿ ನಾಲಿಗೆಗೆ ಮುಟ್ಟಿಸಿ ನೋಡಿದೆ,
ಹುಳಿ ಚುರುಕು, ಜೀವ ಇದೆ.
ಒಂದೊಂದೇ ಬೆಸುಗೆ ಮತ್ತೆ ಕಾಯಿಸಿದೆ,
ರಾಳದ ಹೊಗೆ ಕೂದಲಿಗೆ ಹತ್ತಿ ದಿಂಬಿನವರೆಗೂ ಬಂತು.
ಮೇಲಿನ ಮನೆಯ ಓಸ್ಮೊ ಕಸ ಎಸೆಯಲು ಇಳಿದವನು
"ಒಳಗೊಂದು ಟೇಪು ಅಂಟಿಸಿ ಬಿಡಿ, ಅಷ್ಟೇ" ಅಂದ.
ಅವನ ಮಾತು ಸುಳ್ಳಲ್ಲ.
ಆದರೆ ನೋಯುವ ಹಲ್ಲಿನ ಮೇಲೆ ಹತ್ತಿ ಇಟ್ಟು
ಉಣ್ಣು ಹೋಗು ಅನ್ನುವವಳಲ್ಲ ನಾನು.

ಸೋಮವಾರ, ಕೆಲಸದಲ್ಲಿ, ಒಂದು ದಂತಪಂಕ್ತಿ ವಾಪಸು ಬಂತು.
ಚೀಟಿ: ಕಚ್ಚಿದರೆ ಎಡಗಡೆ ಎತ್ತರ.
ನೀಲಿ ಕಾಗದ ನಡುವೆ ಇಟ್ಟು
ಮೇಲ್ದವಡೆ ಕೆಳದವಡೆ ಟಕ್ ಟಕ್ ತಟ್ಟಿದೆ.
ಎತ್ತರದ ಹಲ್ಲಿಗೆ ನೀಲಿ ಹತ್ತಿತು.
ಕೈ ಅಲ್ಲೇ ನಿಂತಿತು.
ಒಂದು ಹಾಳೆ ಜೇಬಿಗೆ ಹೋಯಿತು.
ಕಳವೇ, ಇರಲಿ.

ಗುರುವಾರ, ಹಾಳೆ ಹಾಸಿ, ಮುಚ್ಚಳ ಒತ್ತಿ, ತೆಗೆದೆ.
ಹಿಲ್ಲಾಳ ಕಣ್ಣಿಗೇ ಮೊದಲು ಬಿತ್ತು:
ಸಾಸಿವೆಯಷ್ಟು ನೀಲಿ,
ಒಂದು ಬೆಸುಗೆಯ ಮೊನೆಯ ಮೇಲೆ.
ಯಾರ ಬೆಸುಗೆ ಎಂದು ಕೇಳಬೇಡಿ.
ಮೂವತ್ತೊಂದು ವರ್ಷ ಪರರ ಎತ್ತರದ ಹಲ್ಲು ಸವೆಸಿದವಳು
ನನ್ನದೊಂದನ್ನು ಹಾಗೇ ಬಿಟ್ಟಿದ್ದೆ.

ಅರದಿಂದ ಎರಡೇ ಎಳೆತ.
ನಾಲ್ಕು ಸ್ಕ್ರೂ.
ಉಣ್ಣೆ ಕಾಲುಚೀಲದ ಹೆಬ್ಬೆರಳಿನಿಂದ ಒತ್ತಿ
ಕೆಯ್ಯೊ ಗಿಟಾರನ್ನು ನನ್ನ ಮಡಿಲಿಗೇ ತಳ್ಳಿದ.
ನನಗೆ ಬರುವುದು ಒಂದೇ ಸ್ವರಮೇಳ, ಅದೂ ಅರ್ಧ.
ಮೀಟಿದೆ.
ಮುಚ್ಚಿದ ಬಾಯಿಯೊಳಗಿಂದಲೇ ಕಚ್ಚಿತು.

ಎಲ್ಲ ನಿಂತ ಮೇಲೂ ಒಂದು ಗಂಟೆ
ಸಣ್ಣಗೆ ಅನ್ನುತ್ತಲೇ ಇತ್ತು.
"ಯಾವ ಸೈಕಲ್ಲಿನದು ಅದು?"
"ಕೆಂಪಿನದಪ್ಪಾ."
"ಅಂದರೆ ಆ ಹಸಿರಿನ ಪಕ್ಕದ್ದೋ?"
ಎರಡನ್ನೂ ನೋಡುತ್ತ ನಿಂತಿದ್ದ ಕೆಯ್ಯೊ,
ಆಮೇಲೆ ಹೋಗಿ, ಎರಡರ ಮೇಲೂ
ಒಂದೊಂದು ಅಂಗೈ ಇಟ್ಟ.