ಎರಡು ದಿನಕ್ಕೆ ಕಡ ತಂದ ಗಾಡಿ

ಲಾಕ್ಲನ್‌ಗೆ ಡೀಸೆಲ್ಲೇ ಬೇಕು.
ಅಣ್ಣ ಅವನು. ಜಮೀನಿನಲ್ಲಿ ಅರ್ಧ ಅವನದು,
ಹಟದಲ್ಲಿ ಮುಕ್ಕಾಲು.
"ಮೂರು ಟನ್ನಿನ ಟ್ರೇಲರು ಕಟ್ಟಿ
ಹೊಕೊನೂಯಿ ಗುಡ್ಡ ಹತ್ತಿಸು, ಆಮೇಲೆ ಮಾತಾಡು.
ಹೊಳೆ ದಾಟುವಾಗ ಬ್ಯಾಟರಿಯ ಹೊಟ್ಟೆ ನೆನೆದರೆ
ನೀನು ಹೆಗಲು ಕೊಡುತ್ತೀಯಾ, ಮೊರಾಗ್?"

ಲೆಕ್ಕದ ಪುಸ್ತಕ ನನ್ನದು.
ಒಂದು ಪುಟ ಡೀಸೆಲ್‌ಗೆ: ಕಿಲೋಮೀಟರಿಗಿಷ್ಟೆಂದು ತೆತ್ತು
ಗಾಜಿಗೆ ಅಂಟಿಸುವ ರಸ್ತೆ ಸುಂಕದ ಚೀಟಿ,
ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಅಪ್ಪನ ಕಾಲದ ಟ್ಯಾಂಕು,
ಅದರಡಿ ಗೂಡು ಕಟ್ಟಿದ ಸ್ಟಾರ್ಲಿಂಗ್ ಹಕ್ಕಿ.
ಎದುರು ಪುಟ ಹೈಬ್ರಿಡ್‌ಗೆ: ಎಂಟು ವರ್ಷಕ್ಕೆ ಬ್ಯಾಟರಿ ಏನಾಗುತ್ತದೆ?
ಅಲ್ಲೊಂದು ಪ್ರಶ್ನಾರ್ಥಕ ಚಿಹ್ನೆ,
ಅದರ ಮೇಲೆ ಚಹಾ ಲೋಟದ ಉಂಗುರ.
ಕೂಡಿದೆ, ಕಳೆದೆ. ತಕ್ಕಡಿಗೆ ಹಾಕಿದ ಕಪ್ಪೆಗಳು,
ಒಂದು ಕೂತರೆ ಇನ್ನೊಂದು ಹಾರಿತು.

ಗೋರ್ ಊರಿನ ಷೋರೂಮಿನ ರಾವಿರಿ ಜಾಣ, ವಾದಿಸಲಿಲ್ಲ.
ಬೀಗದ ಕೈಯನ್ನು ನನ್ನ ಅಂಗೈಗಿಟ್ಟು
"ಎರಡು ದಿನ ಇಟ್ಟುಕೊಳ್ಳಿ. ಕೆಸರು ತೊಳೆಯಬೇಡಿ" ಅಂದ.

ಮೊದಲ ಬೆಳಗ್ಗೆಯೇ ನಾಯಿ ಸತ್ತುಹೋಗುತ್ತಿತ್ತು.
ಫ್ಲಿಕ್‌ಗೆ ಹದಿಮೂರು, ಕಣ್ಣು ಮಂಜು.
ಹಳೆಯ ಡೀಸೆಲ್ಲಿನ ಕೆಮ್ಮನ್ನು
ಎರಡು ದಿಬ್ಬ ಆಚೆಯಿಂದಲೇ ಗುರುತಿಸಿ ಗೇಟಿಗೆ ಬರುವವಳು
ಗಾಡಿ ಬಂದದ್ದೇ ತಿಳಿಯದೆ ದಾರಿ ನಡುವೆ ಮಲಗಿದ್ದಳು.
ಬ್ರೇಕು ಒತ್ತಿದೆ. ಚಕ್ರಕ್ಕೂ ಬಾಲಕ್ಕೂ ನಡುವೆ
ಒಂದು ಗೇಣು.
ಲಾಕ್ಲನ್ ಏನೂ ಅನ್ನಲಿಲ್ಲ. ಏನೂ ಅನ್ನದಿರುವುದನ್ನು
ಅಷ್ಟು ಗಟ್ಟಿಯಾಗಿ ಅನ್ನಬಲ್ಲವರು ಕಡಿಮೆ.

ಮಧ್ಯಾಹ್ನ ಗುಡ್ಡ. ಟ್ರೇಲರಿನಲ್ಲಿ ಮೂವತ್ತು ಕುರಿ.
ಅರ್ಧ ದಾರಿಗೆ ಬ್ಯಾಟರಿ ಬರಿದು,
ಆಮೇಲೆ ಬಾಯಾರಿದ ಎತ್ತಿನ ಹಾಗೆ ಪೆಟ್ರೋಲು ಹೀರಿತು.
ಹತ್ತಿತು. ಹತ್ತಿತು ಅನ್ನಲೇಬೇಕು. ಹೊಳೆಯನ್ನೂ ದಾಟಿತು.
ಆದರೂ ಇಳಿದು ಅವನು ಬಾಗಿಲು ಹಾಕಿದ ಸದ್ದಿನಲ್ಲಿ
ತೀರ್ಪು ಇತ್ತು.

ಇನ್ನು ರಾತ್ರಿ.
ಸೆಪ್ಟೆಂಬರ್, ಮರಿ ಹಾಕುವ ಕಾಲ.
ದಕ್ಷಿಣ ಧ್ರುವದಿಂದ ಇಲ್ಲಿಯವರೆಗೆ
ಒಂದು ಬೇಲಿಯೂ ಅಡ್ಡವಿಲ್ಲದೆ ಬರುವ ಗಾಳಿ ಅಂದು ನಿಂತಿತ್ತು.
ಮೂವತ್ತೊಂದು ವರ್ಷ ಸುತ್ತಿದ್ದೇನೆ ಈ ಹೊಲ.
ಕಂಡದ್ದೆಲ್ಲ ಎದ್ದು ನಿಂತ ಕುರಿ, ಓಡುವ ಕುರಿ,
ಹೆತ್ತ ಜಾಗ ಬಿಟ್ಟು ಹೋದ ತಾಯಿ,
ಹಿಂದೆ ಹಬೆಯಾಡುವ ಹಳದಿ ಮರಿ.
ಕುರಿಯೆಂದರೇ ಅಂಜುಬುರುಕ ಜೀವ ಅಂದುಕೊಂಡಿದ್ದೆ.
ಅವು ಅಂಜಿದ್ದು ನನ್ನ ಸದ್ದಿಗೆ.

ದೀಪವಾರಿಸಿ, ತಿಂಗಳ ಬೆಳಕಿನಲ್ಲಿ,
ಬರೀ ಬ್ಯಾಟರಿಯ ಮೇಲೆ, ಕಾಲ್ನಡಿಗೆಯ ವೇಗಕ್ಕೆ ಬಿಟ್ಟೆ.
ಯಾವುದೂ ಏಳಲಿಲ್ಲ.
ಟೈರಿನಡಿ ಹೆಪ್ಪುಗಟ್ಟಿದ ಹುಲ್ಲು ಮುರಿಯುವುದು ಕೇಳಿತು,
ಮೆಲುಕು ಹಾಕುವುದು ಕೇಳಿತು.
ಹತ್ತು ಮಾರು ದೂರದಲ್ಲಿ ಕಿವಿ ಹರಿದ ಮುದಿ ಕುರಿ
ಮೂಗು ಮೇಲೆತ್ತಿ ಮುಕ್ಕುತ್ತಿತ್ತು.
ಜಾರಿ ಬಿತ್ತು ಮರಿ. ತಿರುಗಿ ನೆಕ್ಕಿತು.
ಗಂಟಲಲ್ಲೇ ಏನೋ ಸಣ್ಣಗೆ ಗೊಣಗಿತು ಅದಕ್ಕೆ.
ಆ ದನಿಯನ್ನು ಕೊಟ್ಟಿಗೆಯಲ್ಲಿ ಕೇಳಿದ್ದೆ,
ಬಯಲಲ್ಲಿ ಎಂದೂ ಇಲ್ಲ.
ನಾನಿಲ್ಲದಾಗ ನನ್ನ ಹೊಲ ಹೀಗಿರುತ್ತದೆ.

ಲೆಕ್ಕದ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮಿಲ್ಲ.
ಬೆಳಗ್ಗೆ ಹೇಳಲು ಹೋಗಿ
"ಕುರಿಗಳು ಏಳಲಿಲ್ಲ" ಅಂದೆ, ಅಷ್ಟೇ ಬಂತು.
ಲಾಕ್ಲನ್ ಓಟ್ಸ್ ಗಂಜಿಗೆ ಉಪ್ಪು ಹಾಕಿಕೊಂಡು
ತುಂಬಾ ಹೊತ್ತು ಕಲಕಿದ.

ಸೋಮವಾರ ಗಾಡಿ ಒಪ್ಪಿಸಲು ಹೊರಟರೆ
ಮುಂದಿನ ಬಂಪರಿಗೆ ಬೇಲಿ ತಂತಿ ಬಿಗಿದು
ಒಂದು ಗಂಟೆ ಕಟ್ಟಿದ್ದ, ಅಜ್ಜಿಯ ಹಾಲಿನ ಹಸುವಿನದು.
"ಫ್ಲಿಕ್‌ಗೆ ಕೇಳಲಿ" ಅಂದ, ನನ್ನ ಕಡೆ ನೋಡದೆ.
"ಹಳೇದನ್ನ ಮಾರೋದು ಬೇಡ. ಗುಡ್ಡಕ್ಕೆ ಇರಲಿ."

ಆ ಪ್ರಶ್ನಾರ್ಥಕ ಚಿಹ್ನೆ ಇನ್ನೂ ಹಾಗೇ ಇದೆ.
ರಾತ್ರಿಯ ಸುತ್ತಿಗೆ ಹೊರಡುವ ಮುನ್ನ
ಬಗ್ಗಿ, ಗಂಟೆಯ ನಾಲಗೆಗೆ
ಉಣ್ಣೆಯ ಒಂಟಿ ಕಾಲುಚೀಲ ತೊಡಿಸುತ್ತೇನೆ.
ಅದರ ಜೊತೆಯದನ್ನು ಕೈಯಲ್ಲಿ ಹಿಡಿದು
ಲಾಕ್ಲನ್ ಮನೆಯೆಲ್ಲ ಹುಡುಕುತ್ತಿದ್ದಾನೆ.