ಸೊನ್ನೆಯಲ್ಲ, ಇಲ್ಲ

ಸ್ವಾಕೋಪ್‌ಮುಂಡಿನ ಬೆಳಗು ಹತ್ತಾದರೂ
ಮಂಜಿನ ಹೊದಿಕೆ ಒದ್ದಿರುವುದಿಲ್ಲ.
ಕಿಟಕಿಯಾಚೆ ಸಮುದ್ರವಿದೆಯೆಂಬುದು
ಕಿವಿಯ ಹೇಳಿಕೆ; ಕಣ್ಣಿನ್ನೂ ಸಹಿ ಹಾಕಿಲ್ಲ.

ಒಳಗೆ ನಾನು ಯಂತ್ರಕ್ಕೆ ವಾಕ್ಯ ಕಲಿಸುತ್ತಿದ್ದೇನೆ:
ಫ್ಲೋರೈಡ್ ಒಂದೂವರೆಗಿಂತ ಹೆಚ್ಚು
ಆದರೆ
ಆ ಸಾಲಿಗೆ ಕೆಂಪು ಬಳಿ,
ಇಲ್ಲದಿದ್ದರೆ
ವರದಿ ಕಳಿಸು, ಯಾರನ್ನೂ ಎಬ್ಬಿಸಬೇಡ.

ಎಂಥ ಸುಖ ಈ ವ್ಯಾಕರಣ!
ತೆರೆದ ಆವರಣವನ್ನು ಮುಚ್ಚಿದರಾಯಿತು,
ಮನೆಯ ಮಾತಿನ ಹಾಗೆ
ರಾತ್ರಿಯಿಡೀ ಅರ್ಧ ತೆರೆದುಕೊಂಡಿರುವುದಿಲ್ಲ.

ಇಪ್ಪತ್ತಾರು ವರ್ಷ ಈ ಕೆಲಸ ಕೌನಪಾವಳ ಬೆರಳಿನದು.
ರಿಜಿಸ್ಟರಿನ ಮೇಲೆ ಮರದ ಅಡಿಕೋಲು ಸರಿಸುತ್ತ
ತುಟಿ ಅಲ್ಲಾಡಿಸುತ್ತ ಒಂದೊಂದೇ ಸಾಲು,
ಮೊರದ ಸಜ್ಜೆಯಲ್ಲಿ ಕಲ್ಲು ಆರಿಸುವ ಹಾಗೆ.
ಬರುವ ತಿಂಗಳು ಅವಳಿಗೆ ನಿವೃತ್ತಿ.
‘ನಿಮ್ಮ ಬೆರಳನ್ನು ಇದರೊಳಗೆ ಇಳಿಸಬೇಕು’ ಎಂದೆ.
‘ಇಳಿಸು, ಉಗುರು ಬಿಡಬೇಡ’ ಎಂದಳು.

ಮೊದಲ ವಾರ ಎಲ್ಲ ಹಸಿರು.
ರಾತ್ರಿ ಎರಡಕ್ಕೆ, ನಾವು ಮಲಗಿದ್ದಾಗ,
ನಲವತ್ತೊಂದು ಬಾವಿಗಳ ವರದಿ ತಾವೇ ಎದ್ದು
ಸಾಲುಗಟ್ಟಿ ಹೊರಟುಹೋದವು.
ನಾನು ಬೀಗಿದೆ. ಕಾಫಿಗೆ ಒಂದು ಚಮಚ ಸಕ್ಕರೆ
ಹೆಚ್ಚಿಗೆ ಹಾಕಿಕೊಂಡೆ.

ಮಂಗಳವಾರ ಪರದೆಯ ಮುಂದೆ ಬಂದು ನಿಂತಳು,
ಕೈಚೀಲ ಇನ್ನೂ ತೋಳಲ್ಲೇ.
‘ಆಡಿನ ದೊಡ್ಡಿಯ ಹಿಂದಿನ ಶಾಲೆ,
ಹದಿನೇಳನೇ ಕೊಳವೆಬಾವಿ. ಏನನ್ನುತ್ತೆ?’
‘ಸೊನ್ನೆ. ಶುದ್ಧ.’
‘ಆ ಬಾವಿ ಸೊನ್ನೆ ಅನ್ನುವ ಪೈಕಿಯದಲ್ಲ.
ಒಳ್ಳೆ ಮಳೆಯಾದ ವರ್ಷವೂ ಎರಡರಿಂದ ಕೆಳಗಿಳಿದಿಲ್ಲ.
ಅಲ್ಲಿಯ ಹುಡುಗರು ನಕ್ಕರೆ ಸಾಕು, ತಿಳಿಯುತ್ತೆ.’

ಹುಡುಕಿದೆವು.
ಫೆಸ್ಟಸ್ ತಂದ ಸೀಸೆ ಜಲ್ಲಿ ರಸ್ತೆಯಲ್ಲಿ ಬಿರುಕುಬಿಟ್ಟು
ಪೆಟ್ಟಿಗೆಯ ಹುಲ್ಲಿಗೇ ನೀರು ಕುಡಿಸಿತ್ತು.
ಒಳಗೆ ಬಂದದ್ದು ಬರೀ ಚೀಟಿ.
ಅಳತೆಯ ಮನೆ ಖಾಲಿ.
ಖಾಲಿಯನ್ನು ನನ್ನ ವಾಕ್ಯ ಸೊನ್ನೆಯೆಂದು ಓದಿಕೊಂಡಿತು,
ಸೊನ್ನೆಯನ್ನು ಒಳ್ಳೆಯದೆಂದು,
ಒಳ್ಳೆಯದನ್ನು ಹಸಿರೆಂದು,
ಹಸಿರನ್ನು ರಾತ್ರಿ ಎರಡಕ್ಕೆ ಶಾಲೆಗೆ ಕಳಿಸಿತು.

ಯಂತ್ರವನ್ನು ಬೈಯಲು ಬಾಯಿ ಬರಲಿಲ್ಲ.
ಖಾಲಿ ತಟ್ಟೆ ತೋರಿಸುವವನು
ಉಂಡವನಿರಬಹುದು,
ಬಡಿಸದೆ ಉಳಿದವನೂ ಇರಬಹುದು;
ತಟ್ಟೆ ಎತ್ತುವವರು ಕೇಳಬೇಕು.
ನಾನು ಕೇಳು ಎಂದು ಬರೆದೇ ಇರಲಿಲ್ಲ.

ಶಾಲೆಗೆ ಫೋನು ಮಾಡಿದವಳು ಅವಳೇ.
ಹತ್ತು ನಿಮಿಷ ಆಫ್ರಿಕಾನ್ಸ್‌ನಲ್ಲಿ,
ಮೊದಲು ಆಡುಗಳ ಕ್ಷೇಮ, ಆಮೇಲೆ ಮುಖ್ಯೋಪಾಧ್ಯಾಯರ ಮಂಡಿನೋವು,
ಕೊನೆಗೆ, ದನಿ ತಗ್ಗಿಸಿ, ನಮ್ಮ ತಪ್ಪು.
ನನ್ನದು ಎನ್ನಲಿಲ್ಲ. ನಮ್ಮದು ಎಂದಳು.

ಮತ್ತೆ ಕುರ್ಚಿ ಎಳೆದುಕೊಂಡು ಕೂತು ಹೇಳಿ ಬರೆಸಿದಳು:
ಖಾಲಿ ಆದರೆ ನಿಲ್ಲು.
ಸೊನ್ನೆ ಆದರೂ ನಿಲ್ಲು.
ಹಿಂದಿನ ಹನ್ನೆರಡು ಸಲ ಬಾವಿ ಆಡಿದ ಮಾತಿಗೆ
ಈ ಸಲದ ಮಾತು ಕೂಡದೆಹೋದರೆ
ನಿಲ್ಲು, ಕರೆ.

ಹೀಗೆ ನನ್ನ ಹದಿನಾಲ್ಕು ಸಾಲಿನಲ್ಲಿ ಈಗ ಎರಡು ಬಗೆಯ ಆದರೆ:
ಒಂದು ದಾರಿ ಬಿಡುವುದು,
ಇನ್ನೊಂದು ಬಾಗಿಲಿಗೆ ಕೈ ಅಡ್ಡ ಇಟ್ಟು
ಸುಮ್ಮನೆ ನೋಡುವುದು.

‘ಕರೆ’ ಎಂದದ್ದಕ್ಕೆ ಯಂತ್ರ ಕೇಳಿತು: ಯಾರನ್ನು?
ಹೆಸರಿನ ಮನೆಯಲ್ಲಿ ಗೆರೆಯೊಂದು ಮಿಣುಕುತ್ತಿತ್ತು.
‘ನನ್ನದು ಹಾಕಬೇಡ’ ಎಂದಳು,
‘ಬಾವಿಯ ಗುರುತಿದ್ದವರದು ಹಾಕು.’
ಪಟ್ಟಿ ಮೇಲೆ ಕೆಳಗೆ ಎಳೆದೆ. ಅಂಥ ಹುದ್ದೆ ಇರಲಿಲ್ಲ.

ಶುಕ್ರವಾರ ಫೆಸ್ಟಸ್‌ನ ಗಾಡಿಯಲ್ಲಿ
ಮುಂದಿನ ಸೀಟು ನನ್ನದು.
ಹನ್ನೊಂದು ಸೀಸೆಗೆ ಹನ್ನೊಂದು ಹಳೆಯ ಕಾಲುಚೀಲ ತೊಡಿಸಿದ್ದೇವೆ.
ಮಂಜು ದಾಟಿ ಅರ್ಧ ಗಂಟೆಯಾಯಿತು,
ಬಯಲು ಬಿಳಿಚಿಕೊಂಡು ಬಿಸಿಯಾಗುತ್ತಿದೆ.
ಹದಿನೇಳು ಇನ್ನೂ ಎಷ್ಟು ದೂರ ಎಂದರೆ ಫೆಸ್ಟಸ್
ಗಲ್ಲ ಎತ್ತಿ ತೋರಿಸುತ್ತಾನೆ,
ಅಷ್ಟೇ, ಅಂಕಿ ಹೇಳುವುದಿಲ್ಲ.